ಬೋಟಿನ ಲಿವರಿಗೆ ಹಾಕಿದ ಹಾರ

ಜೆ.ಪಿ. ನಗರದ ಹಂತಗಳು ಒಂದೊಂದಾಗಿ ಮುಗಿದರೂ ಜೆ.ಪಿ. ನಗರ ಮಾತ್ರ ಮುಗಿಯದೆ ಮುಂದುವರಿಯುವ ಕಡೆ ಸೀಗೆಕಟ್ಟೆ ಎಂಬ ಕೆರೆಯಿದೆ. ಒಂದು ಕಾಲಕ್ಕೆ ಅದರ ದಂಡೆಯ ಮೇಲೆ ಸೀಗೆಕಟ್ಟೆ ಎಂಬ ಊರೂ ಇತ್ತು. ಈಗ ಆ ಊರು ಎರಡು ಅಪಾರ್ಟ್‌ಮೆಂಟುಗಳ ಕಾಂಪೌಂಡುಗಳ ನಡುವೆ ಒಂದು ಗಲ್ಲಿಯಾಗಿ ಉಳಿದುಕೊಂಡಿದೆ. ಗಲ್ಲಿಯ ಮೂರನೆಯ ಮನೆ ಬೈಲಪ್ಪನದು. ಬೈಲಪ್ಪನಿಗೆ ಐವತ್ತೆಂಟು ವರ್ಷ. ಅವನ ಅಪ್ಪ ಈ ಕೆರೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿಯುತ್ತಿದ್ದ. ಮಗ ಅದೇ ಕೆರೆಯಲ್ಲಿ ಮೋಟಾರು ಬೋಟು ಓಡಿಸಿ ಅಂತರಗಂಗೆಯ ಕಳೆ ಎಳೆಯುತ್ತಾನೆ. ಮೀನಿದ್ದ ಕಾಲ ಹೋಗಿ ಕಳೆಯ ಕಾಲ ಬಂದಿರುವುದರಿಂದ ಇದನ್ನು ವಂಶಪಾರಂಪರ್ಯವಾಗಿ ಬಂದ ಉದ್ಯೋಗ ಎಂದೇ ಕರೆಯಬೇಕು.

ಕೆರೆಯನ್ನು ಈಗ ನೋಡಿಕೊಳ್ಳುತ್ತಿರುವುದು ಸೀಗೆಕಟ್ಟೆ ಕೆರೆ ಹಿತರಕ್ಷಣಾ ಸಮಿತಿ. ಅಧ್ಯಕ್ಷರು ಗಂಗಾಧರಯ್ಯ, ಯಾವುದೋ ಇಲಾಖೆಯಲ್ಲಿ ದೊಡ್ಡ ಎಂಜಿನಿಯರಾಗಿ ನಿವೃತ್ತರಾದವರು. ಕಾರ್ಯದರ್ಶಿ ಗುಂಡಣ್ಣ, ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಮೂವತ್ತೈದು ವರ್ಷ ಕಳೆದು, ಮೂರು ಕೊಟೇಶನ್ ಇಲ್ಲದೆ ಸೂರ್ಯನೂ ಹುಟ್ಟಬಾರದು ಎಂದು ನಂಬಿದವರು. ಉಪಾಧ್ಯಕ್ಷೆ ಚೂಡಾಮಣಿ, ಜಯನಗರದ ಕಡೆಯ ಒಂದು ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಅಧ್ಯಕ್ಷರ ಎದುರು ಮಾತಾಡುವ ಧೈರ್ಯ ಇದ್ದದ್ದು ಅವರೊಬ್ಬರಿಗೇ. ಸಮಿತಿ ಮೊದಲು ಮಾಡಿದ ಕೆಲಸವೆಂದರೆ ಏರಿಯ ಮೇಲೆ ಒಂದು ಬೋರ್ಡು ನಿಲ್ಲಿಸಿದ್ದು. ಅದರಲ್ಲಿ ಮಾಡಬಾರದ ಕೆಲಸಗಳು ಮೂವತ್ತೊಂದು ಇವೆ. ಮಾಡಬಹುದಾದದ್ದು ಒಂದೇ, ನಡೆಯುವುದು, ಅದೂ ಎಡದಿಂದ ಬಲಕ್ಕೆ ಮಾತ್ರ. ಹತ್ತೊಂಬತ್ತನೆಯ ನಿಷೇಧ ತೆಪ್ಪದ್ದು. ಕೆರೆಯ ಅಂದಕ್ಕೆ ಧಕ್ಕೆ ಬರುತ್ತದೆ ಎಂದು ಬೈಲಪ್ಪನ ಅಪ್ಪನ ತೆಪ್ಪವನ್ನು ಪಂಪ್‌ಹೌಸಿನ ಹಿಂದೆ ಬೋರಲು ಹಾಕಿಸಲಾಗಿತ್ತು.

ಬೋಟು ಒಬ್ಬ ಬಿಲ್ಡರ್ ದಾನ ಕೊಟ್ಟದ್ದು. ಎಲ್ಲೋ ಒಂದು ಜಲಾಶಯದಲ್ಲಿ ವರ್ಷಗಟ್ಟಲೆ ಪ್ರವಾಸಿಗರನ್ನು ಹೊತ್ತು ಸುಸ್ತಾಗಿದ್ದ ಬೋಟಿಗೆ ನೀಲಿ ಬಣ್ಣ ಬಳಿಸಿ, ಎರಡೂ ಪಕ್ಕ ತನ್ನ ಕಂಪನಿಯ ಹೆಸರು ಬರೆಸಿ ಕೊಟ್ಟಿದ್ದ. ಬಣ್ಣ ಹೊಸದು, ಹೆಸರು ಹೊಸದು, ಮಿಕ್ಕಿದ್ದೆಲ್ಲ ಹಳೆಯದು. ಅದರಲ್ಲೂ ಚಾಲಕನ ಬಲಗೈ ಪಕ್ಕ ಇರುವ ಲಿವರ್ ಬಹಳ ಹಳೆಯದು.

ಕಾರು ಓಡಿಸುವವರಿಗೆ ಗೇರು ಬೇರೆ, ಆಕ್ಸಿಲರೇಟರ್ ಬೇರೆ. ಬೋಟಿನಲ್ಲಿ ಎರಡಕ್ಕೂ ಇದೊಂದೇ ಹಿಡಿ. ನೆಟ್ಟಗೆ ನಿಂತರೆ ನ್ಯೂಟ್ರಲ್, ಎಂಜಿನ್ ಗುರುಗುಟ್ಟುತ್ತದೆ, ಬೋಟು ಕದಲುವುದಿಲ್ಲ. ಮುಂದಕ್ಕೆ ತಳ್ಳಿದರೆ ಮುಂದೆ, ಇನ್ನಷ್ಟು ತಳ್ಳಿದರೆ ಜೋರಾಗಿ ಮುಂದೆ. ಹಿಂದಕ್ಕೆ ಎಳೆದರೆ ಹಿಂದೆ. ನ್ಯೂಟ್ರಲ್‌ನಲ್ಲಿ ಅದು ತಾನಾಗಿ ನಿಲ್ಲಬೇಕಾದರೆ ಒಳಗೆ ಒಂದು ಉಕ್ಕಿನ ಗುಂಡು ಸ್ಪ್ರಿಂಗಿನ ಬಲದಿಂದ ಒಂದು ಕಚ್ಚಿನಲ್ಲಿ ಕೂತಿರಬೇಕು. ಸೀಗೆಕಟ್ಟೆಯ ಬೋಟಿನಲ್ಲಿ ಗುಂಡು ಸವೆದಿತ್ತು, ಕಚ್ಚು ಸವೆದಿತ್ತು, ಲಿವರ್ ತಿರುಗುವ ತೂತು ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ಬಂದಿತ್ತು. ಎಂಜಿನ್ ಶುರುವಾದರೆ ಲಿವರ್ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಬೈಲಪ್ಪ ಒಂದು ದಿನ ಕವರು ಬಿಚ್ಚಿ ಗ್ರೀಸ್ ಹಚ್ಚಿ, ತೂತಿನ ಅಳತೆಯನ್ನು ಬೀಡಿ ಕಟ್ಟಿನ ಮೇಲೆ ಗುರುತು ಮಾಡಿಕೊಂಡು, ಗುಂಡಣ್ಣನವರಿಗೆ ಹೇಳಿದ. ನಾಲ್ಕು ಸಲ ಹೇಳಿದ. ಗುಂಡಣ್ಣ ನಾಲ್ಕು ಸಲವೂ, "ಬರ್ಕೊಡಪ್ಪ, ಮೀಟಿಂಗಲ್ಲಿ ಇಡ್ತೀನಿ," ಎಂದರು. ಬೇರೆಯವರಿಂದ ಬರೆಸಿಕೊಟ್ಟ ಚೀಟಿ ಯಾವ ಮೀಟಿಂಗಿಗೂ ಬರಲಿಲ್ಲ. ಬೈಲಪ್ಪ ತನ್ನ ಪಾಡಿಗೆ ಒಂದು ಸೈಕಲ್ ಟ್ಯೂಬಿನ ತುಂಡಿನಿಂದ ಲಿವರನ್ನು ಪಕ್ಕದ ಕಂಬಿಗೆ ಬಿಗಿದು ನ್ಯೂಟ್ರಲ್‌ನಲ್ಲಿ ನಿಲ್ಲಿಸುವುದನ್ನು ಕಲಿತ. ಓಡಿಸುವಾಗ ಬಿಚ್ಚುವುದು, ನಿಂತಾಗ ಕಟ್ಟುವುದು.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಆಗಸ್ಟಿನಲ್ಲಿ ಸಮಿತಿಯ ವಾರ್ಷಿಕೋತ್ಸವ ಬಂತು. ಮುಖ್ಯ ಅತಿಥಿಗಳನ್ನು ಬೋಟಿನಲ್ಲಿ ಒಂದು ಸುತ್ತು ಹೊಡೆಸಿ ದಡಕ್ಕೆ ತರುವಾಗ, ದಡದ ಸೋಪಾನಕ್ಕೆ ಇನ್ನು ಮೂರು ಮಾರು ಇದೆ ಎನ್ನುವಷ್ಟರಲ್ಲಿ ಲಿವರ್ ಜಾರಿ ಮುಂದಕ್ಕೆ ಬಿತ್ತು. ಬೋಟು ಮೆಟ್ಟಿಲಿಗೆ ಗುದ್ದಿತು. ಮೈಕು ಹಿಡಿದು ನಿಂತು ಕೆರೆಯ ಇತಿಹಾಸ ಹೇಳುತ್ತಿದ್ದ ಗುಂಡಣ್ಣನವರು ಮುಖ್ಯ ಅತಿಥಿಗಳ ತೊಡೆಯ ಮೇಲೆ ಹೋಗಿ ಕೂತರು. ಯಾರಿಗೂ ಏನೂ ಆಗಲಿಲ್ಲ. ಆದರೆ ಫೋಟೋ ಆಯಿತು. ಆ ಫೋಟೋ ಸಂಜೆಯೊಳಗೆ ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಎಲ್ಲ ಲೇಔಟುಗಳ ವಾಟ್ಸಾಪ್ ಗುಂಪುಗಳನ್ನು ಸುತ್ತಿ ಬಂತು.

ಮಾರನೆಯ ದಿನವೇ ತುರ್ತುಸಭೆ. ಬೈಲಪ್ಪನನ್ನು ಬಾಗಿಲ ಬಳಿ ನಿಲ್ಲಿಸಿದರು.

"ಲಿವರ್ ಸವೆದೋಗದೆ ಸಾರ್. ನಾನು ಆವಾಗ್ಲೇ ಹೇಳಿದ್ದೆ," ಎಂದ ಬೈಲಪ್ಪ.

ಗಂಗಾಧರಯ್ಯ ಎಂದಿನಂತೆ ಫೈಲನ್ನು ಎರಡೂ ಕೈಗಳಿಂದ ಎದೆಗೆ ಅವಚಿಕೊಂಡು ಕೂತಿದ್ದರು. ಅವರು ಹಾಗೆಯೇ. ಸಭೆಯಲ್ಲಿ ಎಲ್ಲರೂ ಕಾಫಿ ಕುಡಿದರೆ ಅವರು ಆಸಿಡಿಟಿ ಎಂದು ಬೇಡವೆನ್ನುತ್ತಿದ್ದರು, ಫೈಲನ್ನಂತೂ ಕೆಳಗಿಡುತ್ತಲೇ ಇರಲಿಲ್ಲ. ದೊಡ್ಡ ಹುದ್ದೆಯಲ್ಲಿದ್ದವರಿಗೆ ಫೈಲಿನ ಮೇಲೆ ಅಷ್ಟು ಪ್ರೀತಿ ಇರಬಹುದು ಎಂದು ಬೈಲಪ್ಪ ತಿಳಿದಿದ್ದ.

"ಲಿವರ್ ಅಲ್ಲಪ್ಪ," ಎಂದರು ಗಂಗಾಧರಯ್ಯ. "ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ. ಕಣ್ಣಾರೆ ನೋಡಿದೀನಿ. ನಿನ್ನ ಕೈ ನಡುಗ್ತಿತ್ತು."

"ಲಿವರ್ ನಡುಗ್ತದೆ ಸಾರ್. ಅದರ ಮ್ಯಾಲೆ ಕೈ ಮಡಗಿದ್ರೆ ಕೈನೂ ನಡುಗ್ತದೆ."

"ವಯಸ್ಸಾದ್ಮೇಲೆ ಕೈ ನಡುಗೋದು ಸಹಜ ಕಣಪ್ಪ. ಅದರಲ್ಲಿ ನಾಚಿಕೆ ಏನಿಲ್ಲ. ಆದ್ರೆ ಅಂಥವರು ಯಂತ್ರ ಮುಟ್ಟಬಾರದು."

ಇದನ್ನು ಹೇಳುವಾಗ ಅವರ ದನಿ ಒಂದು ಥರಾ ಇತ್ತು. ಬೈಲಪ್ಪ ಅದನ್ನು ಗಮನಿಸುವ ಸ್ಥಿತಿಯಲ್ಲಿ ಇರಲಿಲ್ಲ. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಓದು ಬರದವನು ಎಂದಿದ್ದರೆ ಸುಮ್ಮನಿರುತ್ತಿದ್ದ, ಬರುವುದಿಲ್ಲ ನಿಜ. ಕುಡುಕ ಎಂದಿದ್ದರೂ ಹಬ್ಬಕ್ಕೊಂದು ದಿನದ ಮಟ್ಟಿಗೆ ಒಪ್ಪಿಕೊಳ್ಳುತ್ತಿದ್ದ. ಆದರೆ ಕೈ! ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಹುಟ್ಟು ಹಿಡಿದ ಕೈ, ಬಲೆಯ ಗಂಟನ್ನು ಕತ್ತಲಲ್ಲಿ ಬಿಡಿಸುತ್ತಿದ್ದ ಕೈ. ಇದ್ದದ್ದು ಅದೊಂದೇ ಆಸ್ತಿ, ಅದನ್ನೂ ಈ ಜನ ಒತ್ತುವರಿ ಎಂದು ಬರೆದುಕೊಳ್ಳುತ್ತಿದ್ದಾರೆ ಎನಿಸಿತು.

ಸಭೆ ಮೂರು ನಿರ್ಣಯ ಮಾಡಿತು. ಒಂದು, ಬೈಲಪ್ಪ ತನ್ನ ಕೈ ನಡುಗುವುದಿಲ್ಲವೆಂದು ಡಾಕ್ಟರ ಸರ್ಟಿಫಿಕೇಟ್ ತರಬೇಕು. ಎರಡು, ಲಿವರಿನ ಬಗ್ಗೆ ಮೂರು ಕೊಟೇಶನ್ ತರಿಸಬೇಕು, ಅಲ್ಲಿಯವರೆಗೆ ಯಾರೂ ಅದನ್ನು ಬಿಚ್ಚಬಾರದು. ಮೂರು, ವಿಜಯದಶಮಿಯೊಳಗೆ ಸರ್ಟಿಫಿಕೇಟ್ ಬರದಿದ್ದರೆ ಬೋಟಿಗೆ ಏಜೆನ್ಸಿಯಿಂದ ಬೇರೆ ಚಾಲಕ. ಅಂದೇ ಲಿವರಿನ ಪೆಟ್ಟಿಗೆಯ ನಾಲ್ಕು ಸ್ಕ್ರೂಗಳ ಮೇಲೂ ಕಾಗದ ಅಂಟಿಸಿ ಮೂವರೂ ಸಹಿ ಹಾಕಿದರು. ಗುಂಡಣ್ಣನವರ ಸಹಿ ಮಲ್ಲಿಗೆ ಮಾಲೆಯ ಹಾಗೆ, ಚೂಡಾಮಣಿಯವರದು ಶಾಲೆಯ ಕಾಪಿ ಪುಸ್ತಕದ ಹಾಗೆ. ಗಂಗಾಧರಯ್ಯನವರ ಸಹಿ ಮಾತ್ರ ಮಸಿಯಲ್ಲಿ ಅದ್ದಿದ ಇರುವೆ ದಾರಿ ತಪ್ಪಿದ ಹಾಗೆ ಇತ್ತು.

ಬೈಲಪ್ಪ ಡಾಕ್ಟರ ಹತ್ತಿರ ಹೋದ. ಡಾಕ್ಟರು ಅವನ ಎರಡೂ ಕೈ ಚಾಚಿಸಿ, ಬೆರಳ ಮೇಲೆ ಒಂದು ಹಾಳೆ ಇಟ್ಟು ನೋಡಿ, "ನಿಮ್ಮ ಕೈ ನನ್ನ ಕೈಗಿಂತ ಚೆನ್ನಾಗಿದೆ," ಎಂದು ನಕ್ಕು, ಕೈಗಳು ಸರಿಯಾಗಿವೆ ಎಂದು ಬರೆದುಕೊಟ್ಟರು. ಗುಂಡಣ್ಣ ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದರಲ್ಲಿ ಬೋಟು ಅಂತ ಎಲ್ಲಿದೆಯಪ್ಪ? ಬೋಟಿನ ಲಿವರ್ ಹಿಡಿಯೋಕೆ ಯೋಗ್ಯ ಅಂತ ಬರೀಬೇಕು."

ಬೈಲಪ್ಪ ಮತ್ತೆ ಹೋದ. ಡಾಕ್ಟರು ತಾವು ಮನುಷ್ಯರ ಡಾಕ್ಟರೆಂದೂ ಬೋಟಿನ ವಿಚಾರ ಬರೆಯಲು ಬರುವುದಿಲ್ಲವೆಂದೂ ಹೇಳಿ ಕಳಿಸಿದರು. ಸರ್ಟಿಫಿಕೇಟ್ ಅಪೂರ್ಣ ಎಂದು ಫೈಲಿನಲ್ಲಿ ಸೇರಿತು.

ಕೊಟೇಶನ್‌ಗಳ ಕಥೆ ಇನ್ನೊಂದು. ಸಮುದ್ರ ತೀರದ ಒಂದು ಕಂಪನಿ ಈ ಮಾದರಿಯನ್ನು ನಿಲ್ಲಿಸಿ ಹನ್ನೆರಡು ವರ್ಷವಾಯಿತೆಂದು ಬರೆಯಿತು. ಇನ್ನೊಂದು, ಲಿವರ್ ಬದಲು ಎಂಜಿನ್ನನ್ನೇ ಬದಲಿಸಿ ಎಂದಿತು. ಮೂರನೆಯದು, ಸಮಿತಿಯ ಬಳಿ ಒಟ್ಟು ಎಷ್ಟು ಹಡಗುಗಳಿವೆ ಎಂದು ಕೇಳಿತು. ಈ ಪ್ರಶ್ನೆಯಿಂದ ಗುಂಡಣ್ಣನವರಿಗೆ ಎರಡು ದಿನ ಬಹಳ ಸಂತೋಷವಾಗಿತ್ತು.

ಇತ್ತ ಬೈಲಪ್ಪ ತಿಲಕ್ ನಗರಕ್ಕೆ ಹೋಗಿ ಪ್ರಸನ್ನನ ಲೇತ್ ಅಂಗಡಿಯಲ್ಲಿ ನಿಂತ. ಪ್ರಸನ್ನ ಬೀಡಿ ಕಟ್ಟಿನ ಮೇಲಿನ ಅಳತೆ ನೋಡಿದ.

"ಇಷ್ಟೇನಾ ಬೈಲಣ್ಣ? ತೂತು ದೊಡ್ಡದು ಮಾಡಿ ಹಿತ್ತಾಳೆ ಬುಷ್ ಕೂರ್ಸೋದು. ಕಚ್ಚಿಗೆ ಹಿತ್ತಾಳೆ ತುಂಬಿ ಉಜ್ಜೋದು. ಒಂದು ಸೈಕಲ್ ಗುಂಡು, ಒಂದು ಸ್ಪ್ರಿಂಗು. ಅರ್ಧ ದಿನದ ಕೆಲ್ಸ. ಲಿವರ್ ತಾ."

"ತರಂಗಿಲ್ಲ ಕಣೋ. ಸೀಲು ಮಾಡವ್ರೆ."

"ಯಾರು, ಕೋರ್ಟೋರಾ?"

"ಸಮಿತಿಯೋರು."

ಪ್ರಸನ್ನ ನಕ್ಕು ನಕ್ಕು ಲೇತ್ ನಿಲ್ಲಿಸಿದ. ಆದರೂ ಬುಷ್ ತಿರುವಿ ಕೊಟ್ಟ. ಬಟಾಣಿಗಿಂತ ಚೂರು ದೊಡ್ಡ ಹಿತ್ತಾಳೆ ಉಂಗುರ. ಬೈಲಪ್ಪ ಅದನ್ನೂ ಗುಂಡನ್ನೂ ಸ್ಪ್ರಿಂಗನ್ನೂ ಒಂದು ಔಷಧಿ ಕವರಿನಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಐದು ವಾರ ಅದು ಅಲ್ಲೇ ಇತ್ತು. ಅಂಗಿ ಬದಲಿಸಿದಾಗಲೆಲ್ಲ ಕವರೂ ಜೇಬು ಬದಲಿಸುತ್ತಿತ್ತು. ಸೀಲಿನ ಕಾಗದ ಹರಿದು ಲಿವರ್ ಬಿಚ್ಚಿಬಿಡೋಣ ಎಂದು ದಿನಕ್ಕೆ ಹತ್ತು ಸಲ ಅನಿಸಿದರೂ ಬಿಚ್ಚಲಿಲ್ಲ. ಬಿಚ್ಚಿದರೆ ಕೈ ನಡುಕದ ಜೊತೆಗೆ ಕೈ ಉದ್ದ ಎಂಬ ದೂರೂ ಸೇರುತ್ತದೆ ಎಂದು ಅವನಿಗೆ ಗೊತ್ತಿತ್ತು.

ಆಯುಧಪೂಜೆ ಹತ್ತಿರ ಬಂತು. ಇಡೀ ವರ್ಷ ಯಾವ ಯಂತ್ರಕ್ಕೂ ಎಣ್ಣೆ ಹಾಕದವರು ಆ ಒಂದು ದಿನ ಎಲ್ಲ ಯಂತ್ರಕ್ಕೂ ಅರಿಶಿನ ಕುಂಕುಮ ಹಾಕುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಫೋಟೋದಿಂದ ಹೋದ ಮಾನವನ್ನು ಫೋಟೋದಿಂದಲೇ ತರಬೇಕೆಂದು ಸಮಿತಿ ಬೋಟಿಗೆ ಅದ್ದೂರಿ ಪೂಜೆ ಗೊತ್ತುಮಾಡಿತು. ಆ ಸಭೆ ಎರಡು ಗಂಟೆ ನಡೆಯಿತು. ಲಿವರಿನ ಮಾತು ಒಂದು ನಿಮಿಷವೂ ಬರಲಿಲ್ಲ. ಚರ್ಚೆಯೆಲ್ಲ ನಿಂಬೆಹಣ್ಣಿನದು. ಕಾರಿಗಾದರೆ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಹತ್ತಿಸಿ ಅಪ್ಪಚ್ಚಿ ಮಾಡುತ್ತಾರೆ. ಬೋಟಿಗೆ ಚಕ್ರವೆಲ್ಲಿ?

"ನೀರು ತಳ್ಳೋ ಪಂಖ ಒಂದೇ ಇರೋದು, ಹಾಗಾಗಿ ಒಂದೇ ನಿಂಬೆಹಣ್ಣು ಸಾಕು," ಎಂದರು ಚೂಡಾಮಣಿ.

"ವಾಹನ ಅಂದ್ಮೇಲೆ ನಾಲ್ಕೇ ಮೇಡಂ," ಎಂದರು ಗುಂಡಣ್ಣ.

ಕೊನೆಗೆ ನಾಲ್ಕು ನಿಂಬೆಹಣ್ಣುಗಳನ್ನು ಬೋಟಿನ ಮುಂದೆ ನೀರಿನಲ್ಲಿ ತೇಲಿಬಿಡುವುದು, ಬೋಟು ಅವುಗಳ ಮೇಲೆ ಹಾಯ್ದು ಹೋಗುವುದು ಎಂದು ಅಧ್ಯಕ್ಷರು ತೀರ್ಪು ಕೊಟ್ಟರು. ಹಾರವನ್ನು ಬೈಲಪ್ಪನ ಹೆಂಡತಿ ಮುನಿಯಕ್ಕನಿಗೆ ಹೇಳಿದರು. ಅವಳು ಗಲ್ಲಿಯ ಬಾಯಲ್ಲಿ ಹೂವು ಕಟ್ಟಿ ಮಾರುತ್ತಿದ್ದಳು.

"ದಪ್ಪ ಇರ್ಲಿ, ಫೋಟೋದಲ್ಲಿ ಕಾಣ್ಬೇಕು," ಎಂದು ಗುಂಡಣ್ಣ ಎರಡು ಸಲ ಹೇಳಿಹೋದರು.

ಹಿಂದಿನ ಸಂಜೆ ಮುನಿಯಕ್ಕ ಸುಗಂಧರಾಜ, ಸೇವಂತಿಗೆಗಳನ್ನು ಸೇರಿಸಿ ತೋಳು ಗಾತ್ರದ ಹಾರ ಕಟ್ಟುತ್ತಿದ್ದಾಗ ಬೈಲಪ್ಪ ಬಾಗಿಲಲ್ಲಿ ಕೂತು ತನ್ನ ಕೈಗಳನ್ನು ಚಾಚಿ ನೋಡಿಕೊಳ್ಳುತ್ತಿದ್ದ. ಈಚೆಗೆ ಅದೊಂದು ಚಟವಾಗಿತ್ತು.

"ಏನಯ್ಯಾ ಅದು, ಒಂದೇ ಸಮ ನೋಡ್ಕೊಳೋದು?"

"ನಡುಗ್ತದಾ ನೋಡೇ."

"ನಿನ್ ತಲೆ ನಡುಗ್ತದೆ. ಅವರು ಅಂದ್ರು ಅಂತ ನೀನೂ ಅನ್ಕೊಂಡ್ಯಾ?"

ಐದು ವಾರದಲ್ಲಿ ಬೈಲಪ್ಪನಿಗೆ ನಿಜವಾಗಿಯೂ ಅನುಮಾನ ಬರತೊಡಗಿತ್ತು. ಮುದ್ದೆ ಮುರಿಯುವಾಗ, ಬೀಗ ಹಾಕುವಾಗ ಕೈಯನ್ನೇ ನೋಡುತ್ತಿದ್ದ. ನಾಳಿದ್ದು ವಿಜಯದಶಮಿ. ಅದು ಕಳೆದರೆ ತನ್ನಪ್ಪ ತೆಪ್ಪ ಹಾಕಿದ ನೀರಿನ ಮೇಲೆ ಯಾವನೋ ಗೊತ್ತಿಲ್ಲದವನು ಬೋಟು ಓಡಿಸುತ್ತಾನೆ. ತಾನು ಬೋರ್ಡಿನ ಪ್ರಕಾರ ಎಡದಿಂದ ಬಲಕ್ಕೆ ನಡೆಯುತ್ತಾ ಅದನ್ನು ನೋಡಬೇಕು.

ಬೆಳಗ್ಗೆ ಹತ್ತಕ್ಕೆ ಮುಹೂರ್ತ. ಬೈಲಪ್ಪ ಬೋಟನ್ನು ಕೆರೆಯ ಕಡೆ ಮುಖಮಾಡಿ ಸೋಪಾನದ ಪಕ್ಕ ತಂದು ನಿಲ್ಲಿಸಿ, ಹಿಂದಿನ ಹಗ್ಗವನ್ನು ದಡದ ಕಬ್ಬಿಣದ ಬಳೆಗೆ ಕಟ್ಟಿದ್ದ. ಪೂಜೆ ಮುಗಿಯುತ್ತಾ ಬಂದಾಗ ಎಂಜಿನ್ ಶುರು ಮಾಡಿ, ಟ್ಯೂಬಿನ ತುಂಡನ್ನು ಲಿವರಿಗೆ ಬಿಗಿದ. ಬೋಟಿನಲ್ಲಿ ಗಂಗಾಧರಯ್ಯ ಪಂಚೆ ಶಲ್ಯದಲ್ಲಿ, ಫೈಲು ಸಮೇತ, ಚಾಲಕನ ಪಕ್ಕದ ಸೀಟಿನಲ್ಲಿದ್ದರು. ಗುಂಡಣ್ಣ ಹಾರ ಹೊತ್ತು ನಿಂತಿದ್ದರು. ಚೂಡಾಮಣಿ ದಡದ ಮೇಲೆ ಫೋನು ಹಿಡಿದು ವೀಡಿಯೋ ಮಾಡುತ್ತಿದ್ದರು. ಸುತ್ತ ಸುಮಾರು ಮೂವತ್ತು ಜನ.

"ನೀನು ಇಳಿಯಪ್ಪ," ಎಂದರು ಗಂಗಾಧರಯ್ಯ. "ಕುಂಬಳಕಾಯಿ ಒಡಿ. ಪೂಜೆ ಮುಗಿಯೋವರೆಗೆ ಲಿವರ್ ಹತ್ರ ನಿನ್ನ ಕೈ ಬೇಡ."

ಮೂವತ್ತು ಜನರ ಎದುರು. ಬೈಲಪ್ಪನಿಗೆ ಕಿವಿ ಬಿಸಿಯಾಯಿತು. ಇಳಿದ. ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ ಕೊಟ್ಟರು, ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿವಾಳಿಸತೊಡಗಿದ.

ಗುಂಡಣ್ಣನವರಿಗೆ ಹಾರ ಹಾಕಲು ಸ್ಟಿಯರಿಂಗ್ ಸಣ್ಣದೆನಿಸಿತು. ಫೋನಿಗೆ ಕಾಣುವಂತೆ ಎದ್ದು ನಿಂತಿದ್ದ ವಸ್ತು ಒಂದೇ, ಲಿವರ್. ಅದಕ್ಕೆ ಕಟ್ಟಿದ್ದ ಸೈಕಲ್ ಟ್ಯೂಬು ಅವರ ಕಣ್ಣಿಗೆ ಅಸಹ್ಯವಾಗಿ ಕಂಡಿತು. ಪೂಜೆಯ ಫೋಟೋದಲ್ಲಿ ರಬ್ಬರು! ಅದನ್ನು ಬಿಚ್ಚಿ ಮೂಲೆಗೆ ಎಸೆದರು. ದಡದ ಹಗ್ಗವನ್ನೂ, ಹೇಗೂ ನಿಂಬೆಹಣ್ಣಿನ ಮೇಲೆ ಹಾಯಬೇಕಲ್ಲ ಎಂದು, ಮುಂಚಿತವಾಗಿಯೇ ಬಿಚ್ಚಿಸಿ ಒಳಗೆಳೆದುಕೊಂಡು ಅಚ್ಚುಕಟ್ಟಾಗಿ ಸುತ್ತಿಟ್ಟರು. ಆಮೇಲೆ ಭಕ್ತಿಯಿಂದ ಲಿವರಿಗೆ ಮುನಿಯಕ್ಕನ ಹಾರ ಹಾಕಿದರು.

ಲಿವರ್ ಒಂದು ಕ್ಷಣ ಯೋಚಿಸಿತು. ಆಮೇಲೆ ಹಾರದ ಭಾರಕ್ಕೆ ನಿಧಾನವಾಗಿ ಮುಂದಕ್ಕೆ ಬಾಗಿತು.

ಬೋಟು ಹೊರಟಿತು. ನಾಲ್ಕೂ ನಿಂಬೆಹಣ್ಣುಗಳು ಒಂದೂ ಅಪ್ಪಚ್ಚಿಯಾಗದೆ ಎರಡು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಪೂಜೆಯ ಭಾಗವೇ ಇರಬೇಕೆಂದು ಜನ ಚಪ್ಪಾಳೆ ತಟ್ಟಿದರು.

"ಬೈಲಪ್ಪಾ!" ಎಂದು ಗಂಗಾಧರಯ್ಯ ಗಾಬರಿಯಲ್ಲಿ ಕೂಗಿದರು. "ಲಿವರ್ ಬಿಡು! ಕೈ ತೆಗಿ!"

ಆಗ ದಡದಿಂದ ಚೂಡಾಮಣಿಯವರ ದನಿ, ಮೈದಾನದ ಆ ತುದಿಯ ಹುಡುಗರನ್ನು ಗದರಿಸಿ ಪಳಗಿದ ದನಿ, ಇಡೀ ಕೆರೆಗೆ ಕೇಳುವಂತೆ ಎದ್ದಿತು.

"ಗಂಗಾಧರಯ್ಯನವರೇ, ಬೈಲಪ್ಪನ ಕೈ ಎರಡೂ ಇಲ್ಲಿವೆ! ಕುಂಬಳಕಾಯಿ ಹಿಡ್ಕೊಂಡು ನಿಂತಿದಾನೆ! ನಾನು ವೀಡಿಯೋ ಮಾಡ್ತಿದೀನಿ!"

ಎಲ್ಲರೂ ತಿರುಗಿ ನೋಡಿದರು. ಬೈಲಪ್ಪ ನಿಂತೇ ಇದ್ದ. ಚಾಚಿದ ಎರಡು ಕೈಗಳ ನಡುವೆ ಆರೇಳು ಕೆ.ಜಿ. ಕುಂಬಳಕಾಯಿ, ಅದರ ಮೇಲೆ ಕರ್ಪೂರದ ಉರಿ. ಉರಿ ನೆಟ್ಟಗೆ ನಿಂತಿತ್ತು. ಬೈಲಪ್ಪ ಅದನ್ನೇ ನೋಡಿದ. ಐದು ವಾರದಿಂದ ನೋಡಿಕೊಳ್ಳುತ್ತಿದ್ದ ಕೈಗಳು ಅಲುಗುತ್ತಿರಲಿಲ್ಲ. ಅವನಿಗೆ ನಗಬೇಕೆನಿಸಿತು, ಅಳಬೇಕೆನಿಸಿತು, ಎರಡಕ್ಕೂ ಹೊತ್ತಿರಲಿಲ್ಲ.

"ಹಾರ ತೆಗೀರಿ ಸಾರ್! ಲಿವರ್ ಹಿಂದಕ್ಕೆ ಎಳೀರಿ!" ಎಂದು ಕೂಗಿದ.

"ಪೂಜೆ ಆಗಿರೋ ಹಾರ, ಮಂಗಳಾರತಿ ಆಗೋಕ್ಮುಂಚೆ ಹೆಂಗಪ್ಪ ತೆಗೆಯೋದು?" ಎಂದು ಗುಂಡಣ್ಣ ನೀರಿನ ಮೇಲಿಂದ ಕೇಳಿದರು.

"ಹಂಗಾದ್ರೆ ಕೀ ತಿರುಗ್ಸಿ, ಎಂಜಿನ್ ಆಫ್ ಮಾಡಿ! ಗಂಗಾಧರಯ್ಯ ಸಾರ್, ನಿಮ್ಮ ಪಕ್ಕದಲ್ಲೇ ಐತೆ ಕೀ!"

ಗಂಗಾಧರಯ್ಯ ಕೀಯನ್ನು ನೋಡಿದರು. ಆದರೆ ಫೈಲು ಬಿಡಲಿಲ್ಲ. ಎರಡೂ ಕೈಯಲ್ಲಿ ಅದನ್ನು ಎದೆಗೆ ಇನ್ನಷ್ಟು ಬಿಗಿಯಾಗಿ ಅವಚಿಕೊಂಡರು. ಬೋಟು ಅದುರಿದಂತೆಲ್ಲ ಹಾರ ಇನ್ನಷ್ಟು ಜೋತುಬಿದ್ದು ಲಿವರನ್ನು ಇನ್ನಷ್ಟು ಎಳೆಯಿತು. ಬೋಟು ಜೋರಾಯಿತು. ಕೆರೆಯ ನಡುವೆ ಒಂದು ಅರ್ಧಚಂದ್ರ ಹೊಡೆದು, ಆಚೆಯ ಮೂಲೆಯಲ್ಲಿ, ಸಮಿತಿಯವರು ಮುಂದಿನ ಬಜೆಟ್ಟಿಗೆಂದು ಬಿಟ್ಟಿದ್ದ ಅಂತರಗಂಗೆಯ ದಟ್ಟ ರಾಶಿಯೊಳಗೆ ನುಗ್ಗಿ, ಪಂಖಕ್ಕೆ ಬೇರು ಸುತ್ತಿಕೊಂಡು, ಒಂದು ಸಲ ಕೆಮ್ಮಿ ನಿಂತಿತು.

ಉರಿಯುವ ಕರ್ಪೂರವಿರುವ ಕುಂಬಳಕಾಯಿಯನ್ನು ಸುಮ್ಮನೆ ಕೆಳಗಿಡುವಂತಿಲ್ಲ. ಬೈಲಪ್ಪ ಅದನ್ನು ಒಂದೇ ಏಟಿಗೆ ನೆಲಕ್ಕೆ ಒಡೆದ. ಐದು ವಾರದ ಸಿಟ್ಟೆಲ್ಲ ಅದರಲ್ಲಿತ್ತು, ಚೂರುಗಳು ಬೋರ್ಡಿನ ಮೂವತ್ತೊಂದು ನಿಷೇಧಗಳ ಮೇಲೂ ಹಾರಿದವು. ಪಂಪ್‌ಹೌಸಿನ ಹಿಂದೆ ಹೋಗಿ ಅಪ್ಪನ ತೆಪ್ಪವನ್ನು ಮಗುಚಿ ನೀರಿಗೆಳೆದ. ಹತ್ತೊಂಬತ್ತನೆಯ ನಿಯಮವನ್ನು ಆ ಹೊತ್ತಿನಲ್ಲಿ ಯಾರೂ ಜ್ಞಾಪಿಸಲಿಲ್ಲ.

ತೆಪ್ಪ ಹತ್ತಿರ ಬಂದಾಗ ಗುಂಡಣ್ಣ ಮೊದಲು ಹೇಳಿದ್ದು, "ನಾವು ಹೇಳಿದ ದಪ್ಪಕ್ಕಿಂತ ಹಾರ ದಪ್ಪ ಆಗಿದೆ," ಎಂದು. ಗಂಗಾಧರಯ್ಯ ತೆಪ್ಪಕ್ಕೆ ಇಳಿಯುವಾಗ ಫೈಲನ್ನು ಕಂಕುಳಲ್ಲಿ ಇರುಕಿಕೊಂಡು ಬೈಲಪ್ಪನ ಭುಜ ಹಿಡಿದುಕೊಂಡರು.

ಮಧ್ಯಾಹ್ನ ಸೋಪಾನದ ಮೇಲೆಯೇ ಸಭೆ ಕೂತಿತು. ಚೂಡಾಮಣಿ ವೀಡಿಯೋ ತೋರಿಸಿದರು. ಒಂದೇ ಚೌಕಟ್ಟಿನಲ್ಲಿ ಎಡಕ್ಕೆ ಬೈಲಪ್ಪನ ಕೈ, ಬಲಕ್ಕೆ ಹೊರಟುಹೋಗುತ್ತಿರುವ ಬೋಟು.

"ಇದಕ್ಕಿಂತ ಸರ್ಟಿಫಿಕೇಟ್ ಬೇಕಾ?" ಎಂದು ಕೇಳಿದರು.

ಬೇಕಿಲ್ಲ ಎಂದು ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಸೀಲು ತೆಗೆದು ಲಿವರ್ ರಿಪೇರಿ ಮಾಡಬಹುದು, ಸರ್ಟಿಫಿಕೇಟಿನ ವಿಷಯ ರಿಪೇರಿಯ ನಂತರ ಅಧ್ಯಕ್ಷರು ಖುದ್ದಾಗಿ ಪರೀಕ್ಷಿಸಿ ತೀರ್ಮಾನಿಸುವುದು ಎಂದು ಬರೆಯಲಾಯಿತು. ತಪ್ಪೊಪ್ಪಿಕೊಳ್ಳುವುದಕ್ಕೆ ಸಮಿತಿಗಳಲ್ಲಿ ಬೇರೆ ಪದಗಳಿಲ್ಲ.

ವಿಜಯದಶಮಿಯ ಬೆಳಗ್ಗೆ ಬೈಲಪ್ಪ ಪಂಖದ ಬೇರು ಬಿಡಿಸಿ, ತೆಪ್ಪ ಕಟ್ಟಿ ಬೋಟನ್ನು ದಡಕ್ಕೆಳೆದು, ಕಾಗದ ಕಿತ್ತು ನಾಲ್ಕು ಸ್ಕ್ರೂ ಬಿಚ್ಚಿದ. ಲಿವರನ್ನೂ ಕಚ್ಚಿನ ತಟ್ಟೆಯನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ತಿಲಕ್ ನಗರಕ್ಕೆ ಹೋದ. ಪ್ರಸನ್ನನ ಲೇತಿನ ಮೇಲೆ ಇನ್ನೂ ಕುಂಕುಮ ಹಸಿಯಾಗಿತ್ತು.

"ಮೊದಲನೇ ಬೋಣಿಗೆ ನಿಂದೇ ಬೈಲಣ್ಣ," ಎಂದ ಪ್ರಸನ್ನ. ಮೊಟ್ಟೆಯಾಕಾರದ ತೂತನ್ನು ಕೊರೆದು ದುಂಡಗೆ ಮಾಡಿ, ಜೇಬಿನಲ್ಲಿದ್ದು ಬೆವರು ಕುಡಿದಿದ್ದ ಬುಷ್ಷನ್ನು ಒತ್ತಿ ಕೂರಿಸಿದ. ಸವೆದ ಕಚ್ಚಿಗೆ ಹಿತ್ತಾಳೆ ಬೆಸುಗೆ ತುಂಬಿದ. ಅರದಿಂದ ಉಜ್ಜುವ ಕೆಲಸವನ್ನು ಬೈಲಪ್ಪ ತಾನೇ ಮಾಡಿದ. ಎರಡೆಳೆ ಉಜ್ಜುವುದು, ಗುಂಡು ಕೂರಿಸಿ ನೋಡುವುದು, ಮತ್ತೆ ಎರಡೆಳೆ. ಅವಸರಪಟ್ಟು ಜಾಸ್ತಿ ಉಜ್ಜಿದರೆ ಎಲ್ಲ ಮೊದಲಿಂದ. ಅವಸರಪಡಲಿಲ್ಲ. ಸಂಜೆ ನಾಲ್ಕಕ್ಕೆ ಬೋಟಿನಲ್ಲಿ ಎಲ್ಲ ಜೋಡಿಸಿ, ಗ್ರೀಸ್ ಹಚ್ಚಿ, ಲಿವರನ್ನು ಮುಂದಿನಿಂದ ನಡುವಿಗೆ ತಂದ. ಕಟಕ್ ಎಂದಿತು. ಹಿಂದಿನಿಂದ ನಡುವಿಗೆ ತಂದ. ಕಟಕ್. ಆ ಸದ್ದು ಕೇಳಿ ಅವನಿಗೆ ಮನಸ್ಸು ತುಂಬಿಬಂತು. ಸುಮ್ಮಸುಮ್ಮನೆ ಇನ್ನೂ ಐದಾರು ಸಲ ಮಾಡಿದ.

ಗಂಗಾಧರಯ್ಯ ಪರೀಕ್ಷೆಗೆ ಬಂದರು. ಗುಂಡಣ್ಣ ದಡದಲ್ಲಿ ನಡಾವಳಿ ಪುಸ್ತಕ ಬಿಚ್ಚಿ ಕೂತರು. ಅಧ್ಯಕ್ಷರು ಬೋಟು ಹತ್ತಿ, ಚಾಲಕನ ಸೀಟಿನಲ್ಲಿ ಕೂತು, ಸ್ವಲ್ಪ ಹೊತ್ತು ಲಿವರನ್ನು ನೋಡಿದರು. ಆಮೇಲೆ ಫೈಲನ್ನು ತೊಡೆಯ ಮೇಲಿಟ್ಟು ಬಲಗೈಯನ್ನು ಲಿವರಿನ ಮೇಲೆ ಇಟ್ಟರು.

ಎಂಜಿನ್ ಇನ್ನೂ ಶುರು ಮಾಡಿರಲಿಲ್ಲ. ನೀರು ನಿಂತಿತ್ತು. ಲಿವರ್ ಬಂಡೆಯ ಹಾಗೆ ನಿಂತಿತ್ತು. ಅದರ ಮೇಲೆ ಅಧ್ಯಕ್ಷರ ಕೈ ನಡುಗುತ್ತಿತ್ತು. ಬೆರಳಿನ ಉಂಗುರ ಲಿವರಿಗೆ ತಾಗಿ ಟಿಕಟಿಕ ಎನ್ನುತ್ತಿತ್ತು.

ಬೈಲಪ್ಪ ನೋಡಿದ. ಕುಡಿಯದ ಕಾಫಿ, ಬಿಡದ ಫೈಲು, ದಾರಿ ತಪ್ಪಿದ ಇರುವೆಯಂಥ ಸಹಿ, ನಿನ್ನೆ ತಿರುಗಿಸದ ಕೀ, ಎಲ್ಲ ಒಟ್ಟಿಗೆ ನೆನಪಾದವು. ಗಂಗಾಧರಯ್ಯ ಕೈ ತೆಗೆಯಲಿಲ್ಲ. ತಲೆ ಎತ್ತಿ ಅವನ ಮುಖ ನೋಡಿದರು. ಮೂವತ್ತು ಜನರೆದುರು ತನ್ನನ್ನು ಇಳಿಸಿದ ಮನುಷ್ಯ. ದಡದಲ್ಲಿ ಪುಸ್ತಕ ತೆರೆದೇ ಇತ್ತು, ಬೈಲಪ್ಪ ಒಂದು ಮಾತು ಗಟ್ಟಿಯಾಗಿ ಆಡಿದ್ದರೆ ಸಾಕಿತ್ತು. ಆಡಬೇಕೆಂದು ಅವನಿಗೆ ಆಸೆಯೂ ಆಯಿತು. ಐದು ವಾರ ತಾನು ಬಾಗಿಲಲ್ಲಿ ಕೂತು ಕೈ ನೋಡಿಕೊಂಡದ್ದು ನೆನಪಾಯಿತು. ಇವರು ಎಷ್ಟು ವರ್ಷದಿಂದ ನೋಡಿಕೊಳ್ಳುತ್ತಿದ್ದಾರೋ.

ತನ್ನ ಅಂಗೈಯನ್ನು ಅವರ ಕೈಯ ಮೇಲೆ ಇಟ್ಟ. ಟಿಕಟಿಕ ನಿಂತಿತು.

"ಹೊಸ ಸ್ಪ್ರಿಂಗ್ ಅಲ್ವಾ ಸಾರ್, ಕೊಂಚ ಬಿಗಿ ಐತೆ," ಎಂದ, ದಡಕ್ಕೂ ಕೇಳುವ ಹಾಗೆ. "ಇಬ್ರೂ ತಳ್ಳೋಣ."

ಇಬ್ಬರೂ ತಳ್ಳಿದರು, ಎಳೆದರು, ನಡುವಿಗೆ ತಂದರು. ಕಟಕ್.

"ಸಾರ್, ಸರ್ಟಿಫಿಕೇಟ್ ವಿಷಯ ಏನು ಬರ್ಕೊಳ್ಳಲಿ?" ಎಂದು ಗುಂಡಣ್ಣ ದಡದಿಂದ ಕೂಗಿದರು.

ಗಂಗಾಧರಯ್ಯನವರ ಕೈ ಇನ್ನೂ ಬೈಲಪ್ಪನ ಕೈಯಡಿಯಲ್ಲೇ ಇತ್ತು.

"ಯಾರಿಗೂ ಬೇಡ ಅಂತ ಬರೀರಿ," ಎಂದರು.

ಗುಂಡಣ್ಣ ಹಾಗೆಯೇ ಬರೆದುಕೊಂಡರು. ಕಾರಣ ಎಂಬ ಕಾಲಂ ಖಾಲಿ ಬಿಟ್ಟರು.